ಹನ್ನೆರಡನೇ ಕಾರು ಎಲ್ಲಿ ನಿಲ್ಲಬೇಕು?

ಫಾಸ್ಟ್ ಫುಡ್ ಹೋಟೆಲ್ ಕಟ್ಟಲು ಅನುಮತಿ ಕೇಳಿ ಅರ್ಜಿ ಬಂದಿದೆ ಅಂತ ಗೊತ್ತಾದರೆ ಸಾಕು, ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಒಂದು ಪಕ್ಷಕ್ಕೆ ಅದು ಬೊಜ್ಜು, ಕಸ, ಗಲಾಟೆ. ಇನ್ನೊಂದಕ್ಕೆ ನಾಲ್ಕು ಜನಕ್ಕೆ ಕೆಲಸ, ಒಂದಿಷ್ಟು ತೆರಿಗೆ, ಪಾಳು ಬಿದ್ದ ಜಾಗಕ್ಕೆ ಒಂದು ಗತಿ. ಅಮೆರಿಕದ ಊರುಗಳಲ್ಲಿ ಇಂಥ ಅರ್ಜಿಗಳನ್ನು ತೀರ್ಮಾನಿಸುವ ಪ್ಲಾನಿಂಗ್ ಕಮಿಷನ್ ಸಭೆಯ ದಿನ ಎರಡೂ ಕಡೆಯವರು ಬಂದು ಮೈಕಿನ ಮುಂದೆ ನಿಂತು ಮಾತಾಡುತ್ತಾರೆ. ಬಹುಪಾಲು ಮಾತು ತಿಂಡಿಯ ಬಗ್ಗೆ, ಇಲ್ಲವೇ ಕಂಪನಿಯ ಬಗ್ಗೆ. ಸದಸ್ಯರು ಮರ್ಯಾದೆಗೆ ತಲೆ ಆಡಿಸುತ್ತಾರೆ. ಪೆನ್ನು ಮಾತ್ರ ಅಲ್ಲಾಡುವುದಿಲ್ಲ. ಯಾಕಂದ್ರೆ ಆ ಮಾತುಗಳಲ್ಲಿ ಹೆಚ್ಚಿನವನ್ನು ಅವರು ತೀರ್ಮಾನಕ್ಕೆ ಆಧಾರ ಮಾಡಿಕೊಳ್ಳುವ ಹಾಗೇ ಇಲ್ಲ.

ಇಂಥ ಅರ್ಜಿಗಳ ಜೊತೆ ಬರುವ ಸೈಟ್ ಪ್ಲಾನ್ ಓದಿ ಟಿಪ್ಪಣಿ ಬರೆಯುವುದು ನನ್ನ ಕೆಲಸ. ತೀರ್ಮಾನ ನನ್ನದಲ್ಲ. ಆದರೂ ನೆಂಟರಿಂದ ಹಿಡಿದು ಪಕ್ಕದ ಮನೆಯವರ ತನಕ ಎಲ್ಲರೂ ಕೇಳುವುದು ಒಂದೇ: "ಬೇಡ ಅಂತ ಬರೆದು ಕಳಿಸಿಬಿಡಿ, ಮುಗೀತಲ್ವಾ?" ಮುಗಿಯಲ್ಲ. ಬ್ರ್ಯಾಂಡ್ ಯಾವುದು, ತಿಂಡಿಯಲ್ಲಿ ಎಣ್ಣೆ ಎಷ್ಟು, ಅಂಥದ್ದೇ ಇನ್ನೊಂದು ಅಂಗಡಿ ಬೇಕಾ ಬೇಡವಾ, ಇದ್ಯಾವುದೂ ಕಡತದಲ್ಲಿ ಇರುವುದಿಲ್ಲ. ಇರುವುದು ಜಾಗ. ಎಷ್ಟು ಅಗಲ, ಯಾವ ರಸ್ತೆಗೆ ದಾರಿ, ನೀರು ಎತ್ತ ಹರಿಯುತ್ತದೆ, ಗೋಡೆಯಾಚೆ ಯಾರಿದ್ದಾರೆ. ಇದು ಕೈ ಕಟ್ಟಿಹಾಕುವ ನಿಯಮ ಅಂತ ಬೈಯುವವರಿದ್ದಾರೆ. ನನಗೆ ಮಾತ್ರ ಇಡೀ ಪದ್ಧತಿಯಲ್ಲಿ ಬುದ್ಧಿ ಇರುವ ಭಾಗ ಇದೇ ಅನಿಸುತ್ತದೆ.

ಇಂಥ ಅನುಮತಿ ಸಾಮಾನ್ಯವಾಗಿ ಜಾಗಕ್ಕೆ ಅಂಟಿಕೊಳ್ಳುತ್ತದೆ, ಮಾಲೀಕನಿಗಲ್ಲ. ಇವತ್ತು ಅರ್ಜಿ ಹಾಕಿದ ಕಂಪನಿ ಐದು ವರ್ಷಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋಗಬಹುದು. ಹಳೇ ಬೋರ್ಡು ಇಳಿಯುತ್ತದೆ, ಹೊಸದು ಏರುತ್ತದೆ. ಆದರೆ ತಿಂಡಿ ಕೊಡುವ ಕಿಟಕಿ ಅಲ್ಲೇ ಇರುತ್ತದೆ. ಕಾರು ನಿಲ್ಲುವ ಓಣಿ, ರಸ್ತೆಗೆ ಒಡೆದ ದಾರಿ ಎಲ್ಲವೂ ಅಲ್ಲೇ. ಪಿಜ್ಜಾ ಹಟ್‌ನ ಹಳೇ ಕಟ್ಟಡಗಳನ್ನೇ ನೋಡಿ. ಆ ಕೆಂಪು ಇಳಿಜಾರು ಸೂರು ಅಮೆರಿಕದ ಎಷ್ಟೋ ಊರುಗಳಲ್ಲಿ ಇನ್ನೂ ನಿಂತಿದೆ. ಕೆಳಗೆ ನಡೆಯುತ್ತಿರುವುದು ಬೇರೆಯೇ ವ್ಯಾಪಾರ. ಒಂದು ಕಂಪನಿಯ ಮೇಲಿನ ಪ್ರೀತಿಗೋ ಸಿಟ್ಟಿಗೋ ಅನುಮತಿ ಕೊಟ್ಟರೆ, ತಡೆದರೆ, ಅದರ ನಂತರ ಬಂದು ಕೂರುವವರ ಬಗ್ಗೆ ಯೋಚನೆಯನ್ನೇ ಮಾಡಿದ ಹಾಗಾಗಲಿಲ್ಲ.

ಈ ಯೋಚನೆ ಹಳೆಯದು. ಒಹಾಯೋ ರಾಜ್ಯದಲ್ಲಿ ಕ್ಲೀವ್‌ಲ್ಯಾಂಡ್ ಪಕ್ಕದ ಯೂಕ್ಲಿಡ್ ಅನ್ನುವ ಊರು ಯಾವ ಜಾಗದಲ್ಲಿ ಏನು ಕಟ್ಟಬಹುದು ಅಂತ ವಲಯಗಳನ್ನು ಗುರುತಿಸಿತ್ತು. ಜಮೀನು ಇಟ್ಟುಕೊಂಡಿದ್ದ ಕಂಪನಿಯೊಂದು ಕೋರ್ಟಿಗೆ ಹೋಯಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಊರಿನ ಪರವಾಗಿ ತೀರ್ಪು ಕೊಟ್ಟಿತು. ಉಪದ್ರವ ಅನ್ನುವುದು ಎಷ್ಟೋ ಸಲ ಸರಿಯಾದ ವಸ್ತು ತಪ್ಪು ಜಾಗದಲ್ಲಿ ಇರುವುದಷ್ಟೆ, ಹಂದಿ ಕೊಟ್ಟಿಗೆಯ ಅಂಗಳ ಬಿಟ್ಟು ಮನೆಯ ಹಜಾರಕ್ಕೆ ಬಂದ ಹಾಗೆ ಅನ್ನುವ ಮಾತು ಆ ತೀರ್ಪಿನಲ್ಲಿದೆ. ಹಂದಿ ಕೆಟ್ಟದ್ದು ಅಂತ ಕೋರ್ಟ್ ಹೇಳಲಿಲ್ಲ. ಸಭೆಗಳಲ್ಲಿ ಕೂತಾಗ ನನಗೆ ಆಗಾಗ ಅನಿಸುತ್ತದೆ, ನಾವು ಹಂದಿಯ ಗುಣದ ಬಗ್ಗೆ ಗಂಟೆಗಟ್ಟಲೆ ಜಗಳ ಆಡಿ ಹಜಾರದ ಅಳತೆ ತೆಗೆಯುವುದನ್ನೇ ಮರೆಯುತ್ತೇವೆ ಅಂತ.

ಅಳತೆ ತೆಗೆಯುವುದು ಹೇಗೆ ಅಂತ ಒಂದು ನಕ್ಷೆ ಇಟ್ಟುಕೊಂಡೇ ಹೇಳುತ್ತೇನೆ. ಮೂಲೆ ಸೈಟು. ನಡುವೆ ಕಟ್ಟಡ, ಅದರ ಸುತ್ತ ಕುದುರೆ ಲಾಳದ ಆಕಾರದಲ್ಲಿ ಡ್ರೈವ್-ಥ್ರೂ ಓಣಿ, ಅಂದರೆ ಕಾರಿನಿಂದ ಇಳಿಯದೆ ಕಿಟಕಿಯಲ್ಲಿ ತಿಂಡಿ ತಗೊಂಡು ಹೋಗುವ ದಾರಿ. ಓಣಿಯಲ್ಲಿ ಎಂಟು ಪುಟ್ಟ ಕಾರುಗಳನ್ನು ಒಪ್ಪವಾಗಿ ಬಿಡಿಸಿದ್ದಾರೆ, ಅಲ್ಲಿಯ ನಿಯಮ ಎಂಟು ಕಾರಿಗೆ ಜಾಗ ಕೇಳುತ್ತದಲ್ಲ, ಅದಕ್ಕೆ. ನಾನು ಪೆನ್ಸಿಲ್ ತೆಗೆದುಕೊಂಡು ಒಂಬತ್ತನೆಯದನ್ನು ಬಿಡಿಸುತ್ತೇನೆ. ಸಾಲಿನಲ್ಲಿ ನಿಂತ ಒಂದು ಕಾರಿಗೆ ಮುಂದಿನ ಸಂದೂ ಸೇರಿ ಸುಮಾರು 6 ಮೀಟರ್ ಲೆಕ್ಕ. ಒಂಬತ್ತನೇ ಕಾರು ನಿಂತದ್ದು ಪಾರ್ಕಿಂಗ್ ಸಾಲಿನ ಬೆನ್ನಿಗೆ. ಅಲ್ಲಿ ಗಾಡಿ ನಿಲ್ಲಿಸಿ ಒಳಗೆ ಕೂತು ತಿಂದವರು ಇನ್ನು ರಿವರ್ಸ್ ತೆಗೆಯುವ ಹಾಗಿಲ್ಲ. ಹತ್ತನೆಯದು ಗಾಲಿಕುರ್ಚಿಯವರಿಗಾಗಿ ಬಿಳಿ ಪಟ್ಟೆ ಬಳಿದ ದಾರಿಯ ಮೇಲೆ. ಹನ್ನೊಂದನೆಯದು ಫುಟ್‌ಪಾತ್ ಮೇಲೆ ಅಡ್ಡಡ್ಡ. ಹನ್ನೆರಡನೆಯದು ರಸ್ತೆಯಲ್ಲಿ, ಎಡ ಇಂಡಿಕೇಟರ್ ಹಾಕಿಕೊಂಡು, ಹಿಂದಿನವರ ಹಾರ್ನ್ ಕೇಳುತ್ತಾ.

ನಕ್ಷೆ ತಂದವರು ಹೇಳುತ್ತಾರೆ, ಸರಾಸರಿ ನಾಲ್ಕೈದು ಗಾಡಿಗಿಂತ ಹೆಚ್ಚು ನಿಲ್ಲಲ್ಲ ಸರ್. ಸರಾಸರಿ ನಿಜವೇ ಇರಬಹುದು. ಆದರೆ ಸಾಲು ಬೆಳೆಯುವ ರೀತಿ ಬೇರೆ. ಕಿಟಕಿಯಲ್ಲಿ ಒಂದು ಗಾಡಿಗೆ ಸರಾಸರಿ 45 ಸೆಕೆಂಡು ಅಂದುಕೊಳ್ಳಿ. ಗಂಟೆಗೆ 80 ಗಾಡಿ ಸಾಗುತ್ತದೆ. ಗಂಟೆಗೆ 64 ಗಾಡಿ ಬಂದರೆ, ಒಂದೇ ಕಿಟಕಿಯ ಸರಳ ಸೂತ್ರದ ಪ್ರಕಾರ, ಸಾಲಿನಲ್ಲಿ ಸರಾಸರಿ 4 ಇರುತ್ತವೆ. 72 ಬಂದರೆ 9. 76 ಬಂದರೆ 19! ಬರುವವರು ನಾಲ್ಕೇ ಜನ ಜಾಸ್ತಿ, ಸಾಲು ಮಾತ್ರ ಎರಡರಷ್ಟು, ನೂರು ಮೀಟರ್ ದಾಟಿತು. ನಿಜವಾದ ಅಂಗಡಿಯಲ್ಲಿ ಆರ್ಡರ್ ತಗೊಳ್ಳುವ ಜಾಗ ಬೇರೆ, ದುಡ್ಡು ಕೊಡುವ ಕಿಟಕಿ ಬೇರೆ, ಹಾಗಾಗಿ ಲೆಕ್ಕ ಇಷ್ಟು ಸರಳ ಅಲ್ಲ. ಆದರೂ ಸ್ವಭಾವ ಇದೇ. ತುಂಬುವ ಹತ್ತಿರ ಬಂದಾಗ ಸಾಲು ಮೆಲ್ಲಗೆ ಬೆಳೆಯುವುದಿಲ್ಲ, ನೆಗೆಯುತ್ತದೆ. ವಾರದಲ್ಲಿ ಆರು ದಿನ ಎಂಟು ಕಾರಿನ ಜಾಗ ಧಾರಾಳ. ಏಳನೇ ದಿನ ಮಧ್ಯಾಹ್ನ ರಸ್ತೆ ಬಂದ್.

ಅಂದಹಾಗೆ ಈ ಕಿಟಕಿಯ ಚರಿತ್ರೆ ಸ್ವಾರಸ್ಯವಾಗಿದೆ. 1948ರಲ್ಲಿ ಕ್ಯಾಲಿಫೋರ್ನಿಯಾದ ಬಾಲ್ಡ್ವಿನ್ ಪಾರ್ಕ್‌ನಲ್ಲಿ ಇನ್-ಎನ್-ಔಟ್ ಅನ್ನುವ ಬರ್ಗರ್ ಅಂಗಡಿ ಶುರುವಾದಾಗಲೇ ಕಾರಿನಲ್ಲಿ ಕೂತು ಸ್ಪೀಕರ್‌ನಲ್ಲಿ ಆರ್ಡರ್ ಹೇಳುವ ಏರ್ಪಾಡಿತ್ತು. ಮೆಕ್‌ಡೊನಾಲ್ಡ್ಸ್ ತನ್ನ ಮೊದಲ ಡ್ರೈವ್-ಥ್ರೂ ತೆರೆದದ್ದು 1975ರಲ್ಲಿ, ಅರಿಜೋನಾದ ಸಿಯೆರಾ ವಿಸ್ಟಾದಲ್ಲಿ. ಹತ್ತಿರದಲ್ಲೇ ಸೇನಾ ನೆಲೆ. ಕವಾಯತಿನ ಬಟ್ಟೆಯಲ್ಲಿ ಸೈನಿಕರು ಹೊರಗೆ ಕಾರಿನಿಂದ ಇಳಿಯುವಂತಿರಲಿಲ್ಲ. ಇಳಿಯದೆ ತಿಂಡಿ ಸಿಗಲಿ ಅಂತ ಗೋಡೆ ಒಡೆದು ಕಿಟಕಿ ಇಟ್ಟರು. ಒಂದು ಊರಿನ ಒಂದು ವಿಚಿತ್ರ ತೊಂದರೆಗೆ ಹುಡುಕಿದ ಉಪಾಯ. ಈಗ ಅದೇ ಕಿಟಕಿ ಇಲ್ಲದಿದ್ದರೆ ಎಷ್ಟೋ ಕಂಪನಿಗಳು ಜಾಗ ನೋಡಲೂ ಬರುವುದಿಲ್ಲ.

ಮತ್ತೆ ನಕ್ಷೆಗೆ ಬರೋಣ. ಓಣಿ ತಿರುಗುವ ಜಾಗದಲ್ಲಿ ಪ್ರತಿ ಕಾರಿನ ಮೂತಿ ಹಿಂದಿನ ಮನೆಗಳ ಕಡೆಗೆ. ರಾತ್ರಿ ಹೆಡ್‌ಲೈಟ್ ನೇರ ಅಲ್ಲಿಗೇ. "ಆರಡಿ ಗೋಡೆ ಕಟ್ಟುತ್ತೇವೆ" ಅಂತ ಬರೆದಿದ್ದರು. ಆರಡಿ ಗೋಡೆ ಯಾವ ಕಾರಿನ ಹೆಡ್‌ಲೈಟನ್ನೂ ತಡೆಯುತ್ತದೆ. ಆದರೆ ಅದೇ ಕಟ್ಟಿನಲ್ಲಿ ಇನ್ನೊಂದು ಹಾಳೆ ಇರುತ್ತದೆ, ನೆಲದ ಎತ್ತರ ತೋರಿಸುವುದು. ಯಾರೂ ಅದನ್ನು ಪ್ರೀತಿಯಿಂದ ಓದುವುದಿಲ್ಲ. ಮಳೆನೀರು ಮುಂದಿನ ಚರಂಡಿಗೆ ಹರಿಯಲಿ ಅಂತ ಸೈಟಿನ ಹಿಂಭಾಗಕ್ಕೆ ಮಣ್ಣು ತುಂಬಿ ಎತ್ತರಿಸಿದ್ದು ಅಲ್ಲಿತ್ತು, ಹತ್ತಿರ ಹತ್ತಿರ ಒಂದು ಮೀಟರ್. ಗೋಡೆಯ ಬುಡ ಮಾತ್ರ ಹಳೇ ನೆಲದ ಮಟ್ಟದಲ್ಲೇ. ಅಂದರೆ ಕಾರಿನ ಕಡೆಯಿಂದ ನೋಡಿದರೆ ಗೋಡೆ ಆರಡಿ ಅಲ್ಲ, ಸುಮಾರು ಮೂರಡಿ. ದೊಡ್ಡ ಗಾಡಿಗಳ ದೀಪ ಸಲೀಸಾಗಿ ಅದರ ಮೇಲೆ ಹಾಯುತ್ತದೆ. ಎರಡು ಹಾಳೆ ಮಾಡಿದವರು ಎರಡು ಬೇರೆ ಆಫೀಸಿನವರು. ಇಬ್ಬರದೂ ಅವರವರ ಮಟ್ಟಿಗೆ ಸರಿಯೇ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವವರು ಬೇಕು, ಅಷ್ಟೆ. ನನ್ನ ಸಂಬಳ ಬಹುಶಃ ಅದಕ್ಕೇ.

ಕಸದ ಲಾರಿ, ಎಣ್ಣೆ ಜಿಡ್ಡು ಹಿಡಿಯುವ ತೊಟ್ಟಿ, ಬೋರ್ಡಿನ ಎತ್ತರ, ಗಿಡಗಳ ಸಂಖ್ಯೆ, ಇವಕ್ಕೆಲ್ಲ ನಿಯಮ ಸ್ಪಷ್ಟವಾಗಿರುತ್ತದೆ. ಸರಿ ಇದ್ದರೆ ಟಿಕ್, ಇಲ್ಲದಿದ್ದರೆ ವಾಪಸ್. ಹೆಚ್ಚು ತಲೆ ಕೆಡಿಸಿಕೊಳ್ಳುವ ವಿಷಯವಲ್ಲ.

ಸದ್ದಿನದು ಹಾಗಲ್ಲ. ಕಾಗದದಲ್ಲಿ ಡೆಸಿಬಲ್ ಅಂತ ಒಂದು ಅಂಕಿ ಇರುತ್ತದೆ. ಸ್ಪೀಕರ್ ಇಷ್ಟು ದೂರ, ಗಡಿಯ ಹತ್ತಿರ ಸದ್ದು ಇಷ್ಟು, ಮಿತಿಗಿಂತ ಕಡಿಮೆ, ಸರಿ. ಒಮ್ಮೆ ಸಭೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. ಇನ್ನೊಂದು ಅಂಗಡಿಯ ಹಿಂದೆ ಎಷ್ಟೋ ವರ್ಷ ಬಾಳಿದವರು. "ರಸ್ತೆಯಲ್ಲಿ ಲಾರಿ ಹೋಗುತ್ತೆ, ನಂಗೆ ಎಚ್ಚರ ಆಗಲ್ಲ. ಆ ಡಬ್ಬಿಯೊಳಗಿಂದ 'ಜೊತೆಗೆ ಕೂಲ್‌ಡ್ರಿಂಕ್ ಬೇಕಾ' ಅಂತ ಕೇಳಿದ ತಕ್ಷಣ ಎಚ್ಚರ ಆಗುತ್ತೆ. ಯಾಕಂದ್ರೆ ಅದು ಮಾತು. ನನ್ನನ್ನೇ ಕೇಳಿದ ಹಾಗಿರುತ್ತೆ" ಅಂದರು. ಸಭೆಯಲ್ಲಿ ನಗು ಎದ್ದಿತು. ಆದರೆ ಅವರು ಹೇಳಿದ್ದರಲ್ಲಿ ಒಂದಿಡೀ ವರದಿಯಷ್ಟು ವಿಷಯ ಇತ್ತು. ಸದ್ದಿನ ಅಂಕಿ ಮಿತಿಯೊಳಗೇ ಇದ್ದರೂ, ಅರ್ಥವಾಗುವ ಮಾತು ಕಿವಿಗೆ ಬಿದ್ದರೆ ಮನಸ್ಸು ಅದರ ಹಿಂದೆ ಹೋಗುತ್ತದೆ. ಸ್ಪೀಕರನ್ನು ಕಟ್ಟಡದ ಇನ್ನೊಂದು ಮಗ್ಗುಲಿಗೆ ಹಾಕಿ, ಬಾಯಿ ರಸ್ತೆ ಕಡೆಗೆ ತಿರುಗಿಸಿದರೆ ಕಂಪನಿಗೆ ಹೇಳಿಕೊಳ್ಳುವಂಥ ಖರ್ಚೂ ಇಲ್ಲ. ಮೈಕಿನ ಮುಂದೆ ಬೊಜ್ಜಿನ ಬಗ್ಗೆ ಮಾತಾಡಿದ ಯಾರಿಗೂ ಆ ಸಂಜೆ ಏನೂ ಸಿಗಲಿಲ್ಲ. ಆ ಹೆಂಗಸಿಗೆ ಸಿಕ್ಕಿತು.

ಇನ್ನು ಅಂಕಿಗಳ ಕಥೆ. ಎಷ್ಟು ಗಾಡಿ ಬರುತ್ತವೆ, ಎಷ್ಟು ಪಾರ್ಕಿಂಗ್ ಬೇಕು ಅನ್ನುವುದಕ್ಕೆ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಟ್ರಾನ್ಸ್‌ಪೋರ್ಟೇಶನ್ ಎಂಜಿನಿಯರ್ಸ್ ಹೊರತರುವ ಕೈಪಿಡಿಗಳೇ ಬಹಳ ಊರುಗಳಿಗೆ ಆಧಾರ. ಡೊನಾಲ್ಡ್ ಶೂಪ್ ಅಂತ ಒಬ್ಬ ಪ್ರೊಫೆಸರ್ ಇದ್ದರು, ಲಾಸ್ ಏಂಜಲಿಸ್‌ನ ಯುಸಿಎಲ್‌ಎನಲ್ಲಿ. ಪಾರ್ಕಿಂಗ್ ಅನ್ನುವ ಒಣ ವಿಷಯವನ್ನೇ ಜೀವಮಾನವಿಡೀ ಹಿಡಿದು ಕೂತವರು. ಅವರು 1987ರ ಪಾರ್ಕಿಂಗ್ ಕೈಪಿಡಿ ತೆಗೆದು ಡ್ರೈವ್-ಥ್ರೂ ಇರುವ ಫಾಸ್ಟ್ ಫುಡ್ ಪುಟವನ್ನೇ ಬಿಡಿಸಿ ತೋರಿಸಿದರು. ನೋಡಿದ್ದು 18 ಹೋಟೆಲು. ಕಟ್ಟಡದ ಸಾವಿರ ಚದರಡಿಗೆ ನಿಂತ ಗಾಡಿಗಳು ಒಂದು ಕಡೆ 3.55, ಇನ್ನೊಂದು ಕಡೆ 15.92. ಹದಿನೆಂಟೂ ಹೋಟೆಲುಗಳ ಸರಾಸರಿ 9.95 ಅಂತ ಅಚ್ಚು ಹಾಕಿದ್ದರು. ಕಟ್ಟಡದ ಅಳತೆಗೂ ಗಾಡಿಗಳ ಸಂಖ್ಯೆಗೂ ಇರುವ ನಂಟನ್ನು ಅಳೆಯುವ ಅಂಕಿ ಅಲ್ಲಿ 0.038. ಏರಿಳಿತದಲ್ಲಿ ನೂರಕ್ಕೆ ನಾಲ್ಕು ಪಾಲನ್ನೂ ಕಟ್ಟಡದ ಅಳತೆ ವಿವರಿಸುವುದಿಲ್ಲ ಅಂತ ಇದರ ಅರ್ಥ. ಅದೇ ಸಂಸ್ಥೆಯ ಸಂಚಾರದ ಕೈಪಿಡಿಯಲ್ಲಿ ಇನ್ನೂ ಚೆಂದ: ಎಂಟು ಹೋಟೆಲು ನೋಡಿ, ಸಾವಿರ ಚದರಡಿಗೆ ದಿನಕ್ಕೆ 632.125 ಓಡಾಟ. ಆ ಕೊನೆಯ .125 ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ಒಂದು ಕಾರಿನ ಎಂಟನೇ ಒಂದು ಭಾಗ ಬಂದು ಬರ್ಗರ್ ತಗೊಂಡು ಹೋಯಿತಾ?

ನಗು ಬಂದರೂ ವಿಷಯ ಸಣ್ಣದಲ್ಲ. ಇಂಥ ಅಂಕಿಗಳು ನಿಯಮದ ಪುಸ್ತಕದೊಳಗೆ ಹೋಗಿ ಕೂತವು. ಸಾವಿರ ಚದರಡಿಗೆ ಹತ್ತು ಪಾರ್ಕಿಂಗ್ ಅಂದರೆ, ದಾರಿಯೂ ಸೇರಿ, ಕಟ್ಟಡಕ್ಕಿಂತ ಮೂರು ಪಟ್ಟು ಜಾಗ ಬರೀ ಡಾಂಬರಿಗೆ. ಅಷ್ಟು ಡಾಂಬರು ಕಡ್ಡಾಯ ಮಾಡಿದ ಮೇಲೆ, ನಡೆದುಕೊಂಡು ಬರುವವರು ಯಾಕೆ ಇಲ್ಲ ಅಂತ ನಾವೇ ಕೇಳುತ್ತೇವೆ. ಈಚೆಗೆ ಕೆಲವು ಊರುಗಳು ಈ ಕಡ್ಡಾಯವನ್ನೇ ತೆಗೆದುಹಾಕಿವೆ. ನ್ಯೂಯಾರ್ಕ್ ರಾಜ್ಯದ ಬಫಲೋ 2017ರಲ್ಲಿ, ಮಿನಿಯಾಪೊಲಿಸ್ 2021ರಲ್ಲಿ. ಒಳ್ಳೆಯದಾಯಿತು. ಆದರೆ ಫಾಸ್ಟ್ ಫುಡ್ ಮಟ್ಟಿಗೆ ಪಾರ್ಕಿಂಗ್ ಇಳಿದ ಜಾಗಕ್ಕೆ ಎರಡನೇ ಡ್ರೈವ್-ಥ್ರೂ ಓಣಿ ಬಂದು ಕೂರುತ್ತದೆ, ಅದನ್ನೂ ನೋಡಿದ್ದೇನೆ.

ಹಾಗಾದರೆ ಕಮಿಷನ್ ಕೈಯಲ್ಲಿ ಏನಿದೆ? ಷರತ್ತು ಇದೆ. ಆದರೆ ಷರತ್ತಿಗೂ ಕಡಿವಾಣ ಇದೆ. ಒರೆಗಾನ್‌ನ ಟೈಗರ್ಡ್ ಊರಿನಲ್ಲಿ ಪ್ಲಂಬಿಂಗ್ ಸಾಮಾನಿನ ಅಂಗಡಿ ದೊಡ್ಡದು ಮಾಡುತ್ತೇವೆ ಅಂದಾಗ, ಊರು ಜಾಗದ ಒಂದು ಭಾಗವನ್ನು ತೊರೆಯ ಪಕ್ಕದ ಹಸಿರಿಗೆ ಮತ್ತು ಸೈಕಲ್ ದಾರಿಗೆ ಬಿಟ್ಟುಕೊಡಿ ಅಂತ ಕೇಳಿತು. 1994ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕೇಳುವುದು ಆ ಕಟ್ಟಡದಿಂದ ಆಗುವ ತೊಂದರೆಗೆ ಸರಿಸುಮಾರು ಹೊಂದಬೇಕು, ಹೊಂದುತ್ತದೆ ಅಂತ ಊರೇ ತೋರಿಸಬೇಕು ಅಂದಿತು. ಹಾಗಾಗಿ "ಹೇಗೂ ಬರ್ತಿದ್ದಾರಲ್ಲ, ಆ ಕೊನೆಯ ಸಿಗ್ನಲ್ಲನ್ನೂ ಇವರ ಕೈಲೇ ಹಾಕಿಸಿ" ಅನ್ನುವ ಸದಸ್ಯರ ಉತ್ಸಾಹಕ್ಕೆ ವಕೀಲರು ತಣ್ಣೀರು ಎರಚುತ್ತಾರೆ. ಸಾಲು ರಸ್ತೆಗೆ ಬರದ ಹಾಗೆ ಓಣಿ ಉದ್ದ ಮಾಡಿ ಅನ್ನಬಹುದು. ರಸ್ತೆಗೆ ಇಳಿಯುವವರು ಒಂದೇ ಕಡೆಗೆ ತಿರುಗಿ ಅನ್ನಬಹುದು. ರಾತ್ರಿ ಹತ್ತರ ಮೇಲೆ ಸ್ಪೀಕರ್ ಬೇಡ ಅನ್ನಬಹುದು. ಊರಿನ ಹಳೇ ಸಾಲವನ್ನೆಲ್ಲ ಹೊಸಬನ ತಲೆಗೆ ಕಟ್ಟುವ ಹಾಗಿಲ್ಲ.

ಪೂರ್ತಿ ನಿಷೇಧ ಮಾಡಿದರೆ? ಅದನ್ನೂ ಮಾಡಿ ನೋಡಿದ್ದಾರೆ. 2008ರಲ್ಲಿ ಲಾಸ್ ಏಂಜಲಿಸ್ ನಗರ ತನ್ನ ದಕ್ಷಿಣ ಭಾಗದಲ್ಲಿ ಒಂಟಿ ಕಟ್ಟಡದ ಹೊಸ ಫಾಸ್ಟ್ ಫುಡ್ ಹೋಟೆಲುಗಳನ್ನು ತಡೆಯಿತು. ಉದ್ದೇಶ ಆರೋಗ್ಯ. 2015ರಲ್ಲಿ ರ‍್ಯಾಂಡ್ ಸಂಸ್ಥೆಯ ಅಧ್ಯಯನ ಬಂತು. ಬೊಜ್ಜು ಇಳಿದಿರಲಿಲ್ಲ, ಆ ಭಾಗದಲ್ಲೂ ಏರಿತ್ತು. ಆಶ್ಚರ್ಯ ಏನಿಲ್ಲ. ತಡೆ ಇದ್ದದ್ದು ಒಂಟಿ ಕಟ್ಟಡಕ್ಕೆ, ಸಾಲು ಅಂಗಡಿಗಳ ನಡುವೆ ಬರುವವಕ್ಕೆ ಅಲ್ಲ. ಮೊದಲೇ ಇದ್ದವೂ ಹಾಗೇ ಉಳಿದವು. ಊಟದ ತಟ್ಟೆಯನ್ನು ಸೈಟ್ ಪ್ಲಾನ್‌ನಿಂದ ತಿದ್ದಲು ಹೋದರೆ ಆಗುವುದು ಇಷ್ಟೇ ಅಂತ ನನ್ನ ಅಭಿಪ್ರಾಯ. ಆರೋಗ್ಯ ಇಲಾಖೆ, ಶಾಲೆ, ಸಂಬಳ, ಕೆಲಸದ ಹೊತ್ತು, ಅದಕ್ಕೆ ಬೇರೆ ದಾರಿಗಳಿವೆ.

ಮಿನಿಯಾಪೊಲಿಸ್ 2019ರಲ್ಲಿ ಮಾಡಿದ್ದು ನನಗೆ ಹೆಚ್ಚು ಹಿಡಿಸಿತು. ಅಲ್ಲಿ ಫಾಸ್ಟ್ ಫುಡ್ ಬೇಡ ಅನ್ನಲಿಲ್ಲ, ಹೊಸ ಡ್ರೈವ್-ಥ್ರೂ ಬೇಡ ಅಂದರು. ತಿಂಡಿ ಮಾರಿ, ಜನ ಒಳಗೆ ಬರಲಿ. ಪ್ರಶ್ನೆ ಜಾಗದ್ದು, ಉತ್ತರವೂ ಜಾಗದ್ದೇ. ಆದರೆ ತಮಾಷೆ ನೋಡಿ, ಹತ್ತಿರದ ಬ್ರೂಕ್ಲಿನ್ ಪಾರ್ಕ್‌ನಲ್ಲಿ 2022ರಲ್ಲಿ ಎರಡಂತಸ್ತಿನ ಟಾಕೋ ಬೆಲ್ ಎದ್ದಿತು. ಅಡುಗೆಮನೆ ಮೇಲೆ, ಕೆಳಗೆ ಕಾರು ಹಾಯಲು ನಾಲ್ಕು ಓಣಿ. ತಿಂಡಿ ಪುಟ್ಟ ಲಿಫ್ಟಿನಲ್ಲಿ ಕೆಳಗಿಳಿಯುತ್ತದೆ. ನಾಲ್ಕರಲ್ಲಿ ಮೂರು ಓಣಿ ಮೊದಲೇ ಫೋನಿನಲ್ಲಿ ಆರ್ಡರ್ ಮಾಡಿದವರಿಗೆ ಮತ್ತು ಡೆಲಿವರಿಯವರಿಗೆ. ಒಂದು ಊರು ಬೇಡ ಅಂದದ್ದನ್ನು ಹತ್ತಿರದ ಊರು ನಾಲ್ಕರಷ್ಟು ಮಾಡಿ ತೋರಿಸಿತು. ಅದರ ವಿನ್ಯಾಸವನ್ನು ಬೈಯಲು ಮನಸ್ಸು ಬರುವುದಿಲ್ಲ, ಸಾಲನ್ನು ಅಷ್ಟು ಗಂಭೀರವಾಗಿ ಯೋಚಿಸಿದವರು ಅಪರೂಪ. ಆದರೆ ಅಂಥ ಕಟ್ಟಡವನ್ನು ನಾಳೆ ಕಂಪನಿ ಬಿಟ್ಟು ಹೋದರೆ ಬೇರೆ ಯಾರು ಏನಕ್ಕೆ ಬಳಸುತ್ತಾರೆ ಅನ್ನುವುದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ಬಟ್ಟೆ ಅಂಗಡಿ ಮಾಡಕ್ಕಾಗುತ್ತಾ? ಕ್ಲಿನಿಕ್?

ಅನುಮತಿ ಕೊಟ್ಟ ಮೇಲೆ ಏನಾಯಿತು ಅಂತ ಹೋಗಿ ನೋಡುವವರು ಕಡಿಮೆ. ದೂರು ಬಂದರೆ ನೋಡುತ್ತಾರೆ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಚಿಕನ್ ಮಾರುವ ಒಂದು ಅಂಗಡಿಯ ಸಾಲು ಬೀದಿಗೆ ಬಂದು ಒಂದು ಲೇನನ್ನೇ ಹಿಡಿದು ನಿಲ್ಲುತ್ತಿತ್ತು. 2022ರಲ್ಲಿ ಅದನ್ನು ಸಾರ್ವಜನಿಕ ಉಪದ್ರವ ಅಂತ ಘೋಷಿಸುವ ಮಾತು ನಗರಸಭೆಯ ಮುಂದೆ ಬಂತು. ಅಲ್ಲಿಯ ತನಕ ಹೋಗಬೇಕಾಯಿತು ಅಂದರೆ ಜಗಳ ಬಹಳ ಹಿಂದೆಯೇ ಶುರುವಾಗಿರುತ್ತದೆ.

ಅದಕ್ಕೇ ನಾನು ಟಿಪ್ಪಣಿಯ ಕೊನೆಗೆ ಒಂದು ಷರತ್ತು ಸೇರಿಸುತ್ತೇನೆ. ತೆರೆದು ಆರು ತಿಂಗಳಿಗೆ ಅರ್ಜಿದಾರರೇ ಒಂದು ವಾರ ಸಾಲು ಎಣಿಸಿ ವರದಿ ಕೊಡಬೇಕು. ಫುಟ್‌ಪಾತ್ ದಾಟಿ ಗಾಡಿ ನಿಂತದ್ದು ಕಂಡರೆ, ಹೆಚ್ಚು ಜನ ಬರುವ ಹೊತ್ತಿನಲ್ಲಿ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಸಾಲಿನಲ್ಲೇ ಆರ್ಡರ್ ತಗೊಳ್ಳುವ ಇಬ್ಬರನ್ನು ಇಡಬೇಕು. ಅದೂ ಸಾಲದಿದ್ದರೆ ಓಣಿ ಬದಲಿಸಬೇಕು. ಕಂಪನಿಯ ಕನ್ಸಲ್ಟೆಂಟ್‌ಗೆ ಇದು ಎಂದೂ ಇಷ್ಟವಾಗಿಲ್ಲ. "ಇದು ಎಲ್ಲೂ ಇಲ್ಲ ಸರ್" ಅನ್ನುತ್ತಾರೆ. ಕರಡಿನಲ್ಲಿ ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತಾರೆ. ನಾನು ಗೆರೆ ಅಳಿಸಿ ಮತ್ತೆ ಕಳಿಸುತ್ತೇನೆ. ಎಂಟು ಕಾರಿನ ಆ ಮೂಲೆ ಸೈಟಿನ ಕಡತದಲ್ಲಿ ಸದ್ಯಕ್ಕೆ ಅದು ಉಳಿದಿದೆ, ಸ್ಪೀಕರ್ ತಿರುಗಿಸುವ ಷರತ್ತಿನ ಕೆಳಗೆ. ಗೋಡೆಯ ಎತ್ತರವನ್ನು ಓಣಿಯ ಕಡೆಯಿಂದ ಅಳೆಯಲು ಒಪ್ಪಿದ್ದಾರೆ. ಕಮಿಷನ್ ಸಭೆ ಮುಂದಿನ ಗುರುವಾರ.